ಮಡಿಕೆ ಬಿಚ್ಚದ ಕಿಣ್ವ

ಗದಗಿನ ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಕಲ್ಲಪ್ಪನ ಖಾನಾವಳಿಯೆಂದರೆ ಹನ್ನೊಂದು ಗಂಟೆಗೇ ಜನ ಬಾಗಿಲಲ್ಲಿ ನಿಲ್ಲುವ ಜಾಗ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಕಲ್ಲಪ್ಪನ ಮಗಳು ನೀಲಗಂಗಾ ಅಲ್ಲೇ ಹುಟ್ಟಿ ಬೆಳೆದು, ಕಾಲೇಜು ಮುಗಿಸಿದ ಮೇಲೆ ಅಲ್ಲೇ ಬಡಿಸುತ್ತಿದ್ದಳು. ಆದರೆ ಇಪ್ಪತ್ತೇಳು ವರ್ಷಗಳಲ್ಲಿ ಆ ಅಡುಗೆಯ ಒಂದು ತುತ್ತನ್ನೂ ಅವಳು ಉಂಡಿರಲಿಲ್ಲ.

ಹುಟ್ಟುವಾಗಲೇ ಅವಳ ದೇಹದಲ್ಲಿ ಒಂದು ಕೊರತೆ ಇತ್ತು. ಕಾಳು, ಹಾಲು, ಜೋಳ ಎಲ್ಲದರಲ್ಲೂ ಇರುವ ಪ್ರೋಟೀನು ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲಗಳಾಗುತ್ತದೆ. ಅವುಗಳಲ್ಲಿ ಫಿನೈಲ್ ಅಲನಿನ್ ಎಂಬುದೂ ಒಂದು. ಉಳಿದವರ ಯಕೃತ್ತಿನಲ್ಲಿ ಅದನ್ನು ಕರಗಿಸುವ ಕಿಣ್ವವಿದೆ, ಇವಳಲ್ಲಿ ಇಲ್ಲ. ಕರಗದೆ ಉಳಿದದ್ದು ರಕ್ತದಲ್ಲಿ ಏರುತ್ತ ಹೋಗಿ ಮಿದುಳನ್ನು ಕೆಡಿಸುತ್ತದೆ. ಅವಳ ತಾಯಿ ದಾನವ್ವ ಆ ಹೆಸರನ್ನು ಮೊದಲ ಸಲ ಕೇಳಿದಾಗ ನೆಲ ಒರೆಸುವ ಫಿನೈಲೇ ಎಂದುಕೊಂಡಿದ್ದಳು. "ಕೂಸಿನ ರಕ್ತದಾಗ ಫಿನೈಲ್ ಹ್ಯಾಂಗ ಬಂತ್ರೀ? ನಾ ಒಂದಿನಾನೂ ಬಾಟ್ಲಿ ತೆರದು ಇಟ್ಟಾಕಿ ಅಲ್ಲ," ಎಂದು ಹುಬ್ಬಳ್ಳಿಯ ಮಕ್ಕಳ ಡಾಕ್ಟರ ಮುಂದೆ ಅತ್ತಿದ್ದಳು.

ಆ ಡಾಕ್ಟರು ಅಂದು ಎಂಟು ದಿನದ ಕೂಸಿಗಿಂತ ಹೆಚ್ಚಾಗಿ ದಾನವ್ವನ ಸೆರಗು ಹಿಡಿದು ನಿಂತಿದ್ದ ಆರು ವರ್ಷದ ಈರಪ್ಪನನ್ನು ನೋಡಿದ್ದರು. ಈರಪ್ಪನಿಗೆ ಮಾತು ಬಂದಿರಲಿಲ್ಲ. ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿದ್ದ. ಅವನ ಮೈಯಿಂದ ಇಲಿ ಓಡಾಡಿದ ಮೂಲೆಯಂಥ ವಾಸನೆ ಬರುತ್ತಿತ್ತು. ಡಾಕ್ಟರು ಇಬ್ಬರ ರಕ್ತವನ್ನೂ ಕಳಿಸಿದರು. ಇಬ್ಬರಿಗೂ ಒಂದೇ ರೋಗ. ಗಂಡ ಹೆಂಡತಿಯ ಸಂಬಂಧ ಕೇಳಿದಾಗ, ಕಲ್ಲಪ್ಪ ತನ್ನ ಸ್ವಂತ ಅಕ್ಕನ ಮಗಳನ್ನೇ ಮದುವೆಯಾಗಿದ್ದಾನೆಂದು ತಿಳಿಯಿತು. ಕೂಸನ್ನು ಉಳಿಸಿಕೊಳ್ಳಬಹುದು, ಪ್ರೋಟೀನು ತೀರ ಕಡಿಮೆಯಿರುವ ಆಹಾರ ಕೊಡಿ, ಹುಡುಗನಿಗೆ ತಡವಾಗಿದೆ, ಇನ್ನು ಪಥ್ಯ ಮಾಡಿಸಿಯೂ ಉಪಯೋಗವಿಲ್ಲ ಎಂದರು ಡಾಕ್ಟರು.

ಹೀಗಾಗಿ ಒಂದೇ ಮನೆಯಲ್ಲಿ ಎರಡು ಒಲೆಗಳಾದವು. ಮುಂದಿನ ದೊಡ್ಡ ಒಲೆಯ ಅಡುಗೆಯನ್ನು ಊರೆಲ್ಲ ಉಂಡಿತು, ಈರಪ್ಪನೂ ಉಂಡ. ಹಿತ್ತಲ ಕಡೆಯ ಸಣ್ಣ ಒಲೆಯ ಮೇಲೆ ಪ್ರೋಟೀನು ತೆಗೆದ ಗಂಜಿಹಿಟ್ಟಿನ ಬಿಳಿ ರೊಟ್ಟಿ ಬೆಂದಿತು. ಅದರ ಜೊತೆಗೆ ಅಳೆದು ಹಾಕಿದ ಒಂದಿಷ್ಟು ತರಕಾರಿ, ಫಿನೈಲ್ ಅಲನಿನ್ ಒಂದನ್ನು ಬಿಟ್ಟು ಉಳಿದ ಅಮೈನೋ ಆಮ್ಲಗಳಿರುವ, ಹಳಸಿದ ಆಲೂಗಡ್ಡೆಯ ವಾಸನೆಯ ಔಷಧಿ ಪುಡಿ ಕಲಸಿದ ನೀರು. ಬಡಿಸುವ ಕೆಲಸ ಮುಗಿದ ಮೇಲೆ ನೀಲಗಂಗಾ ಅಲ್ಲಿ ಒಬ್ಬಳೇ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಯಾರಾದರೂ ಕಂಡು, "ಅಯ್ಯ, ಇದೇನ್ ಉಣ್ಣಾಕತ್ತೀಯವಾ?" ಎಂದು ಕೇಳುವುದು ಅವಳಿಗೆ ಬೇಡವಾಗಿತ್ತು.

ಎಣ್ಣೆಗಾಯಿಯ ಘಮ ಅವಳಿಗೆ ಚೆನ್ನಾಗಿ ಗೊತ್ತು. ಉಪ್ಪು ಹೆಚ್ಚೋ ಕಡಿಮೆಯೋ ಎಂದು ವಾಸನೆಯಿಂದಲೇ ಹೇಳಬಲ್ಲಳು. ರುಚಿ ಮಾತ್ರ ಗೊತ್ತಿರಲಿಲ್ಲ. ಗಿರಾಕಿಗಳು ರೊಟ್ಟಿ ಮುರಿದು, ಬದನೆಕಾಯಿಯ ಹೊಟ್ಟೆಯಿಂದ ಮಸಾಲೆ ಬಳಿದುಕೊಂಡು ಬಾಯಿಗಿಟ್ಟುಕೊಳ್ಳುವಾಗ ಅವಳು ನೀರಿನ ಜಗ್ಗು ಹಿಡಿದು ಒಂದು ಗಳಿಗೆ ಹೆಚ್ಚೇ ನಿಂತಿರುತ್ತಿದ್ದಳು.

ಧಾರವಾಡದ ಸಂಶೋಧನಾ ಕೇಂದ್ರದಿಂದ ಪತ್ರ ಬಂದದ್ದು ಯುಗಾದಿ ಕಳೆದ ಮೇಲೆ. ಹೊಸ ಚಿಕಿತ್ಸೆಯೊಂದನ್ನು ಹನ್ನೆರಡು ಜನರ ಮೇಲೆ ಪರೀಕ್ಷಿಸಲಿದ್ದರು. ಸ್ವತಃ ಒಪ್ಪಿಗೆ ಕೊಡಬಲ್ಲವರನ್ನಷ್ಟೇ ಸೇರಿಸಿಕೊಳ್ಳುವ ನಿಯಮವಿದ್ದುದರಿಂದ ಈರಪ್ಪನಿಗೆ ಅದರಲ್ಲಿ ಜಾಗವಿರಲಿಲ್ಲ. ಇಡೀ ಮನೆಯವರ ರಕ್ತವನ್ನು ತಪಾಸಣೆಗೆ ತೆಗೆದುಕೊಂಡ ಮೇಲೆ, ಆ ಪರೀಕ್ಷೆಯ ಮುಖ್ಯಸ್ಥೆ ಡಾಕ್ಟರ್ ತಸ್ನೀಮ್ ಸವಣೂರ, ನೀಲಗಂಗಾಳನ್ನು ಪ್ರಯೋಗಾಲಯದಲ್ಲಿ ಕೂರಿಸಿಕೊಂಡು ವಿಷಯ ತಿಳಿಸಿದಳು. ನಲವತ್ತು ದಾಟಿದ, ತಲೆಗೆ ಹಸಿರು ದುಪಟ್ಟಾ ಸುತ್ತಿಕೊಂಡ, ಸವಣೂರಿನ ಕಡೆಯ ಮಾತಿನ ಹೆಂಗಸು.

"ನಿನ್ನ ಯಕೃತ್ತು ಮಾಡಲಾರದ ಕೆಲಸಾನ ಬ್ಯಾಕ್ಟೀರಿಯಾ ಕಡೆ ಮಾಡಸ್ತೀವಿ. ಊಟದ ಮುಂಚೆ ಒಂದು ಪೊಟ್ಟಣ ನೀರಾಗ ಕಲಸಿ ಕುಡಿಯೂದು. ಊಟ ಕರುಳಿಗೆ ಇಳಿಯೂದ್ರಾಗ ಅವು ಫಿನೈಲ್ ಅಲನಿನ್ನ ಒಡದು ಹಾಕತಾವು. ರಕ್ತಕ್ಕ ಹೋಗಾಕ ಬಿಡಂಗಿಲ್ಲ. ಒಂದಿನದಾಗ ಹೊಟ್ಟಿ ಬಿಟ್ಟು ಹೋಗತಾವು. ಅದಕ್ಕ ದಿನಾ ಕುಡೀಬೇಕು."

"ಇಷ್ಟ ಸರಳ ಇದ್ರ ಇಷ್ಟು ವರ್ಷ ಯಾಕ ಬೇಕಾತ್ರಿ?"

ತಸ್ನೀಮ್ ನಕ್ಕಳು. "ಬಾಗಿಲದ್ದು ತಕರಾರು, ನೋಡು. ಬ್ಯಾಕ್ಟೀರಿಯಾಕ್ಕ ಎರಡು ಗೋಡಿ. ಒಳಮನಿ, ಅದರ ಸುತ್ತ ಪಡಸಾಲಿ. ಹೊರಗಿನ ಗೋಡಿ ಜಾಳಿಗಿ ಇದ್ದಂಗ, ಫಿನೈಲ್ ಅಲನಿನ್ ಪಡಸಾಲಿ ತನಕ ಸಲೀಸ ಬರತದ. ಒಳಮನಿ ಬಾಗಿಲಾ ಮಾತ್ರ ಬಾಳ ಬಿಗಿ. ಕಿಣ್ವ ಒಳಗ ಕುಂತ್ರ ಕೆಲಸ ನಿಧಾನ ಆಗತದ, ಅಷ್ಟರಾಗ ನಿನ್ನ ಕರುಳು ಹೀರಿಕೊಂಡಿರತದ. ಕಿಣ್ವ ಪಡಸಾಲಿಗೆ ಬಂದು ಕೂಡಬೇಕು."

"ಕಳಸ್ರಿ ಮತ್ತ."

"ಬ್ಯಾಕ್ಟೀರಿಯಾ ತನ್ನ ಪ್ರೋಟೀನು ಹೊರಗ ಕಳಸೂದು ಹೆಚ್ಚಾಗಿ ದಾರದ ಗತೆ. ಸೂಜಿ ಕಣ್ಣಾಗ ಪೋಣಿಸಿದಂಗ ಎಳಿ ಎಳಿಯಾಗಿ ಸಣ್ಣ ತೂತಿನಾಗಿಂದ ದಾಟಿ, ಆ ಕಡೆ ಹೋಗಿ ಮಡಚಿಕೋತಾವು. ನಮ್ಮ ಕಿಣ್ವಕ್ಕ ಅದು ಆಗಂಗಿಲ್ಲ. ಅದರ ನಾಕೂ ಭಾಗ ಒಳಗ ಮಡಚಿ ಒಳಗ ಜೋಡಿ ಆಗಬೇಕು. ಹೊರಗ ಹೋಗಿ ಮಡಚಿದ್ರ ಮುದ್ದಿ ಆಗಿ ಕೆಡತದ."

ನೀಲಗಂಗಾ ಸ್ವಲ್ಪ ಯೋಚಿಸಿದಳು. "ಹೋಳಿಗಿಗತೆ? ಹೂರಣ ತುಂಬಿ ಲಟ್ಟಿಸಿದ ಮ್ಯಾಲೆ ಹಿಟ್ಟು ಬ್ಯಾರೆ ಹೂರಣ ಬ್ಯಾರೆ ಮಾಡಿ ಕಳಸಾಕ ಬರಂಗಿಲ್ಲ."

"ಖರೆ! ಹೋಳಿಗಿ ಹೋಳಿಗಿಯಾಗೇ ಹೊರಗ ಬರಬೇಕು."

"ಅಷ್ಟ ದೊಡ್ಡ ಕಿಂಡಿ ಇಟ್ರ ಒಳಗಿಂದೆಲ್ಲಾ ಸೋರಿ ಹೋಗಂಗಿಲ್ಲೇನ್ರಿ?"

ತಸ್ನೀಮ್ ಅವಳನ್ನೇ ನೋಡಿದಳು. "ನಾ ಒಂಬತ್ತು ವರ್ಷ ಇದನ್ನೇ ಕೇಳಿಕೋತ ಕುಂತೀನಿ ನೀಲಾ. ಬ್ಯಾಕ್ಟೀರಿಯಾದಾಗ ಇನ್ನೊಂದು ಬಾಗಿಲಾ ಅದ. ಬೇಕಾಗೂತನಕ ಅದು ಇರೂದೇ ಇಲ್ಲ. ಕಿಣ್ವದ ಮುಂದ ಒಂದು ಚೀಟಿ ಇರತದ, ಅದರಾಗ ಆರ್ಜಿನೀನ್ ಅನ್ನೂ ಅಮೈನೋ ಆಮ್ಲ ಎರಡು, ಜೋಡಿಯಾಗಿ ನಿಂತಿರತಾವು. ಆ ಜೋಡಿ ಕಂಡ ಮ್ಯಾಲೇನ ಗೋಡಿಯಾಗ ಚದರಿದ ತುಣುಕು ಎಲ್ಲಾ ಬಂದು ಕೂಡತಾವು. ಬಂದ ಸಾಮಾನು ಎಷ್ಟು ದೊಡ್ಡದೋ ಅಷ್ಟೇ ಅಗಲ ಬಾಗಿಲಾ ಕಟ್ಟತಾವು, ದಾಟಿಸ್ತಾವು, ಮತ್ತ ಚದರತಾವು. ಅಲ್ಲಿ ಬಾಗಿಲಾ ಇತ್ತು ಅನ್ನೂ ಗುರ್ತೂ ಉಳಿಯಂಗಿಲ್ಲ. ನಮ್ಮ ಕಿಣ್ವ ಅದಕ್ಕೂ ದೊಡ್ಡದಾತು. ಅಷ್ಟು ಅಗಲ ತೆರಿಯೂದನ್ನ ಅದಕ್ಕ ಕಲಸಾಕ ಇಷ್ಟು ವರ್ಷ ಹೋದ್ವು."

ಅವಳು ಸೂಕ್ಷ್ಮದರ್ಶಕದ ಪರದೆ ತೋರಿಸಿದಳು. ಕಿಣ್ವಕ್ಕೆ ಹಸಿರಾಗಿ ಹೊಳೆಯುವ ಗುರುತು ಅಂಟಿಸಿದ್ದರು. ಕತ್ತಲೆಯಲ್ಲಿ ಸಾವಿರಾರು ಸಣ್ಣ ಕಡ್ಡಿಗಳು, ಪ್ರತಿಯೊಂದರ ನಡುವೆ ಕಪ್ಪು, ಅಂಚಿನಲ್ಲಿ ಮಾತ್ರ ಹಸಿರು ಉಂಗುರ. "ಅಂಚು ಹಸರಿದ್ರ ಕಿಣ್ವ ಪಡಸಾಲಿಗೆ ಬಂದದ ಅಂತ ಅರ್ಥ."

ಮೊದಲ ನಾಲ್ಕು ವಾರ ಅವಳು ಕೇಂದ್ರದ ವಾರ್ಡಿನಲ್ಲೇ ಇರಬೇಕಾಗಿತ್ತು. ಏಳನೆಯ ದಿನ ಅಡುಗೆಯವಳು ತೂಕ ಮಾಡಿದ ಅರ್ಧ ರೊಟ್ಟಿ, ಎರಡು ಚಮಚ ಎಣ್ಣೆಗಾಯಿ ತಂದಿಟ್ಟಳು. ಪೊಟ್ಟಣ ಕುಡಿದು ಹತ್ತು ನಿಮಿಷವಾಗಿತ್ತು. ನೀಲಗಂಗಾ ತುತ್ತು ಮಾಡಿ ಕೈಯಲ್ಲೇ ಹಿಡಿದುಕೊಂಡು ಕೂತಳು. ತಪ್ಪು ಮಾಡುವಾಗಿನ ಹೆದರಿಕೆ ಬೆರಳಿನಲ್ಲಿತ್ತು. ಕೊನೆಗೆ ಬಾಯಿಗಿಟ್ಟುಕೊಂಡಳು. ರೊಟ್ಟಿ ಒರಟಾಗಿತ್ತು, ಶೇಂಗಾದ ಜಿಡ್ಡು ನಾಲಗೆಗೆ ಹತ್ತಿಕೊಂಡಿತು, ಅಗಿದಷ್ಟೂ ಮುಗಿಯುತ್ತಿರಲಿಲ್ಲ. ಇಷ್ಟೇನಾ ಎನಿಸಿತು. ಆಮೇಲೆ ಗಂಟಲಿಳಿದ ಮೇಲೆ ಖಾರ, ಹುಳಿ, ಬೆಲ್ಲ, ಹುರಿದ ಎಳ್ಳು ಒಂದೊಂದಾಗಿ ಮೇಲೆದ್ದವು. ಅವಳು ತಟ್ಟೆಯನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಸಂಕೋಚವಾಗಲಿಲ್ಲ.

ರಕ್ತದಲ್ಲಿ ಫಿನೈಲ್ ಅಲನಿನ್ ಲೀಟರಿಗೆ ಆರುನೂರು ಮೈಕ್ರೋಮೋಲ್ ದಾಟಬಾರದು. ಮೂರು ವಾರ ಉಂಡರೂ ಅದು ಮುನ್ನೂರರ ಆಸುಪಾಸಿನಲ್ಲೇ ನಿಂತಿತು. ಪೊಟ್ಟಣಗಳ ತಂಪುಪೆಟ್ಟಿಗೆಯನ್ನೂ, ಬೆರಳಿಗೆ ಚುಚ್ಚಿದರೆ ಅಂಕಿ ಹೇಳಿ ಅದನ್ನು ಧಾರವಾಡಕ್ಕೂ ಮುಟ್ಟಿಸುವ ಪುಟ್ಟ ಯಂತ್ರವನ್ನೂ ಕೊಟ್ಟು ಅವಳನ್ನು ಮನೆಗೆ ಕಳಿಸಿದರು.

ಮನೆಗೆ ಬಂದ ದಿನ ಕಲ್ಲಪ್ಪ ಮುಂದಿನ ಊಟದ ಕೋಣೆಯಲ್ಲಿ ಬಾಗಿಲಿಗೆ ಹತ್ತಿರದ ಟೇಬಲ್ಲು ಒರೆಸಿ, "ಕುಂಡ್ರು," ಎಂದ. ಸುತ್ತ ಗಿರಾಕಿಗಳಿದ್ದರು. ಇಪ್ಪತ್ತು ವರ್ಷದಿಂದ ಬರುತ್ತಿದ್ದ ನಿವೃತ್ತ ಬಸ್ ಕಂಡಕ್ಟರೊಬ್ಬ ಕೈ ತೊಳೆಯುವುದನ್ನು ನಿಲ್ಲಿಸಿ ನೋಡಿದ. ಎಷ್ಟೋ ಸಾವಿರ ಜನಕ್ಕೆ ಬಡಿಸಿದ ಕಲ್ಲಪ್ಪನ ಕೈಯಿಂದ ಮಗಳ ತಟ್ಟೆಗೆ ಚಟ್ನಿ ಬೀಳುವಾಗ ಅರ್ಧ ಟೇಬಲ್ಲಿಗೆ ಬಿತ್ತು.

"ಯಪ್ಪಾ, ಸಾಕು."

"ನೀ ಸುಮ್ನ ಉಣ್ಣು. ಸಾಕೋ ಬೇಕೋ ನಾ ನೋಡಕೋತೀನಿ," ಎಂದವನೇ ಒಳಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ಹೀಗೆ ಎರಡು ವಾರ ಕಳೆದವು. ಅಳತೆಯಲ್ಲೇ ಆದರೂ ಎಲ್ಲವನ್ನೂ ಉಂಡಳು. ಮೊಸರಿನ ಕೆನೆ, ಕಡಲೆಹಿಟ್ಟಿನ ಜುಣಕದ ವಡೆ, ಹೆಸರುಕಾಳಿನ ಉಸುಳಿ. ಪೊಟ್ಟಣ ಕಲಸಿಕೊಡುವ ಕೆಲಸವನ್ನು ದಾನವ್ವ ತಾನೇ ವಹಿಸಿಕೊಂಡಿದ್ದಳು. ಮೂರು ಹೊತ್ತೂ ಸ್ಟೀಲಿನ ಲೋಟ ತಪ್ಪದೆ ಬರುತ್ತಿತ್ತು.

ಮೂರನೆಯ ವಾರ ಯಂತ್ರ ನಾಲ್ಕುನೂರ ಎಂಬತ್ತು ತೋರಿಸಿತು. ಅದರ ಮುಂದಿನ ವಾರ ಏಳುನೂರ ಇಪ್ಪತ್ತು. ತಸ್ನೀಮ್ ಫೋನಿನಲ್ಲಿ ಊಟದ ಅಳತೆ ಕಡಿಮೆ ಮಾಡಿಸಿದಳು. ಆದರೂ ಎಂಟುನೂರಕ್ಕೆ ಹೋಯಿತು. ನೀಲಗಂಗಾಳ ತಲೆಯೊಳಗೆ ಯಾರೋ ಹತ್ತಿ ತುಂಬಿದಂತಾಗತೊಡಗಿತು. ಮೂರನೆಯ ಟೇಬಲ್ಲಿನವರು ಮೊಸರು ಕೇಳಿದರೆ ಐದನೆಯ ಟೇಬಲ್ಲಿನಲ್ಲಿ ಇಟ್ಟು ಬಂದಳು. ಪತ್ರಿಕೆ ಹಿಡಿದರೆ ಸಾಲುಗಳು ಜಾರಿದವು. ಒಮ್ಮೆ ಕಂಡಕ್ಟರನ ಹೆಸರೇ ನೆನಪಾಗದೆ ಅವನ ಮುಂದೆ ಬಾಯಿ ತೆರೆದು ನಿಂತಳು.

ಧಾರವಾಡಕ್ಕೆ ಹೋದಳು. ತಸ್ನೀಮಳ ಕಣ್ಣ ಕೆಳಗೆ ಕಪ್ಪು ಬಂದಿತ್ತು. "ಕಿಣ್ವ ಕೆಲಸ ಮಾಡಿದ್ರ ಅದರ ಗುರ್ತು ಮೂತ್ರದಾಗ ಸಿಗತದ. ನಿಂದರಾಗ ಅದು ಮೊದಲಿನ ಅರ್ಧಕ್ಕ ಬಂದದ. ಅರ್ಧ ಬ್ಯಾಕ್ಟೀರಿಯಾದಾಗ ಬಾಗಿಲಾ ಸಿಕ್ಕಿಹಾಕ್ಕೊಂಡು ಕಿಣ್ವ ಒಳಮನಿಯಾಗೇ ಉಳದದೇನೋ ಅನಸ್ತದ. ದೊಡ್ಡ ಸಾಮಾನು ದಾಟಿಸಿ ದಾಟಿಸಿ ಸೋತಿರಬಹುದು. ಆದ್ರ ನಿನ್ನ ಹೊಟ್ಟಿಯಿಂದ ಬಂದವನ್ನ ಬೆಳಸಿ ನೋಡಿದೆ. ಇಲ್ಲಿ ನೋಡು."

ಪರದೆಯ ಮೇಲೆ ಕಡ್ಡಿಗಳೆಲ್ಲದರ ಅಂಚಿನಲ್ಲಿ ಹಸಿರು ಉಂಗುರ. ಒಂದರಲ್ಲೂ ಕೊರತೆಯಿರಲಿಲ್ಲ.

"ಎಲ್ಲಾ ಸರಿ ಐತಲ್ರಿ."

"ಅದೇ ತಿಳಿವಲ್ದು. ಮೂರು ವಾರದಿಂದ ಇದನ್ನೇ ಹುಡಕಾಕತ್ತೀನಿ. ಪರೀಕ್ಷಾ ನೋಡಕೊಳ್ಳೂ ಸಮಿತಿಯವರು ಬಾಗಿಲದ ವಿನ್ಯಾಸ ಬದಲಿ ಮಾಡ್ರಿ ಅಂತಾರ. ಅಂದ್ರ ಉಳಿದ ಹನ್ನೊಂದು ಮಂದೀದೂ ನಿಲ್ಲಸಬೇಕು, ಮೊದಲಿಂದ ಶುರು ಮಾಡಬೇಕು." ಅವಳು ಪರದೆ ಆರಿಸಿದಳು. "ನೀ ಪೊಟ್ಟಣ ತಪ್ಪಿಸಿಲ್ಲ ಹೌದಲ್ಲ?"

"ಒಂದೂ ತಪ್ಪಿಸಿಲ್ರಿ."

ಗದಗಿಗೆ ಮರಳಿದ ಮಾರನೆಯ ದಿನ ಹಿತ್ತಲಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಈರಪ್ಪನ ನಿನ್ನೆಯ ಅಂಗಿ ಒಗೆಯದೆ ಹಾಗೇ ಹಗ್ಗದ ತುದಿಯಲ್ಲಿತ್ತು. ಬುಟ್ಟಿಗೆ ಹಾಕಲೆಂದು ಎತ್ತಿಕೊಂಡವಳು ನಿಂತುಬಿಟ್ಟಳು. ಅಂಗಿಯನ್ನು ಮುಖಕ್ಕೆ ಹಿಡಿದಳು. ಬೆವರಿನ ವಾಸನೆ ಇತ್ತು, ಒಗ್ಗರಣೆಯ ವಾಸನೆ ಇತ್ತು. ಅವಳು ಹುಟ್ಟಿದಂದಿನಿಂದ ಅಣ್ಣನ ವಾಸನೆಯೆಂದೇ ತಿಳಿದಿದ್ದ ಇಲಿಯ ಆ ಕಮಟು ಇರಲಿಲ್ಲ.

ಒಳಗೆ ಮಿಕ್ಸರ್ ತಿರುಗುತ್ತಿತ್ತು. ಆ ಸದ್ದಿಗೆ ಈರಪ್ಪ ಕಿವಿ ಮುಚ್ಚಿಕೊಂಡು ತಲೆ ಚಚ್ಚಿಕೊಳ್ಳಬೇಕಾಗಿತ್ತು. ಅದಕ್ಕೆಂದೇ ಗೋಡೆಗೆ ಹಳೆಯ ಹಾಸಿಗೆ ಕಟ್ಟಿದ್ದರು. ಅವಳು ಇಣುಕಿ ನೋಡಿದಳು. ಮೂವತ್ತಮೂರು ವರ್ಷದ ಅಣ್ಣ ಚಕ್ಕಳಮಕ್ಕಳ ಹಾಕಿ ಕೂತು, ದಾನವ್ವ ಬಡಿದು ಹಾಕಿದ ರೊಟ್ಟಿಗಳನ್ನು ಒಂದರ ಮೇಲೊಂದು ಅಂಚು ಸರಿಹೊಂದಿಸಿ ಇಡುತ್ತಿದ್ದ. ಯಾವಾಗಿನಿಂದ ಹೀಗೆ? ಹತ್ತಿ ತುಂಬಿದ ತಲೆಯಲ್ಲಿ ಲೆಕ್ಕ ಹಾಕಿದಳು. ಮೂರು ವಾರ? ನಾಲ್ಕು? ಅವನು ಅವಳನ್ನು ಕಂಡ. "ನೀಈಲಿ," ಎಂದ. ಅವನ ಬಾಯಿಂದ ತನ್ನ ಹೆಸರನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

ಅವನ ಬೆರಳಿಗೆ ಚುಚ್ಚಿ ನೋಡಬೇಕೆಂದು ಯಂತ್ರ ಕೈಗೆತ್ತಿಕೊಂಡಳು. ಅಂಕಿ ನೇರ ಧಾರವಾಡಕ್ಕೆ ಹೋಗುತ್ತದೆಂದು ನೆನಪಾಗಿ ಕೆಳಗಿಟ್ಟಳು. ಒಲೆಯ ಮುಂದೆ ಹೋಗಿ ಕೂತಳು.

"ಯವ್ವಾ, ಈರಣ್ಣನ ಅಂಗಿ ನಾರವಲ್ದು."

ದಾನವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಕರಿಯಾಗತೊಡಗಿತು. ನೀಲಗಂಗಾಳೇ ಅದನ್ನು ತೆಗೆದಳು.

"ನನ್ನ ಪೊಟ್ಟಣದಾಗ ಅವಂಗ ಕೊಡಾಕತ್ತೀಯೇನು?"

"ಅರ್ಧ," ಎಂದಳು ದಾನವ್ವ. ತಲೆಯೆತ್ತಲಿಲ್ಲ. "ಅರ್ಧ ಅಷ್ಟ."

"ನನ್ನ ತಲಿ ಕೆಡಾಕತ್ತೈತಿ. ಮಂದಿ ಹೆಸರು ಮರ್ಯಾಕತ್ತೀನಿ. ನೀ ನೋಡಿಕೋತ ಇದ್ದಿ."

"ನಿಂದು ಕಡಿಮಿ ಆಗಿದ್ದು ಅದಕ್ಕ ಅಂತ ನಂಗ ಮೊದಲ ತಿಳಿಲಿಲ್ಲವ್ವಾ. ತಿಳಿದ ಮ್ಯಾಲೆ..." ದಾನವ್ವ ಹಿಟ್ಟಿನ ಕೈಯನ್ನೇ ಬಾಯಿಗಡ್ಡ ಇಟ್ಟುಕೊಂಡಳು. "ತಿಳಿದ ಮ್ಯಾಲೆ ನಿಲ್ಲಸಾಕ ಆಗಲಿಲ್ಲ. ನಿನ್ನ ನೋಡಿದ್ರ ಈ ಕೈ ಕಡಕೋಬೇಕು ಅನಸ್ತಿತ್ತು. ಅವನ್ನ ನೋಡಿದ್ರ, ಮೂವತ್ತ್ಮೂರು ವರ್ಷ ಆದ ಮ್ಯಾಲೆ ಮೊದಲನೇ ಸಲ ನನ್ನ ಮಾರಿ ನೋಡಿ ನಕ್ಕ. ಒಂದ ರೊಟ್ಟಿ ಇದ್ರ ನಾ ಇಬ್ಬರಿಗೂ ಮುರದು ಕೊಡತೀನಿ. ಮತ್ತೇನು ಗೊತ್ತೈತಿ ನನಗ?"

ನೀಲಗಂಗಾ ಕರಿಯಾದ ರೊಟ್ಟಿಯನ್ನು ಬದಿಗಿಟ್ಟಳು.

"ನಾಳಿಂದ ಪೂರಾ ನಿನಗ ಕೊಡತೀನಿ. ಹುಚ್ಚಾಟ ಸಾಕು. ಡಾಕ್ಟರ್ರಿಗೆ ಮಾತ್ರ ಹೇಳಬ್ಯಾಡ. ಹೇಳಿದ್ರ ನಿನ್ನ ತಗದು ಹಾಕತಾರ. ನೀ ಉಣ್ಣೂದು ನಿಲ್ಲತೈತಿ."

ಅದೇ ನಿಜವಾಗಿತ್ತು. ನೀಲಗಂಗಾ ಹಿತ್ತಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತಳು. ಸುಮ್ಮನಿದ್ದರೆ ಪರೀಕ್ಷೆ ಮುಗಿಯುವ ತನಕ, ಇನ್ನೂ ಹದಿನಾಲ್ಕು ವಾರ ಉಣ್ಣಬಹುದು. ಶ್ರಾವಣ ಬರುತ್ತಿತ್ತು. ಹೋಳಿಗೆ, ಕಡುಬು, ಶೇಂಗಾದ ಉಂಡೆ ಒಂದನ್ನೂ ಇನ್ನೂ ಮುಟ್ಟಿರಲಿಲ್ಲ. ಮೊದಲು ರುಚಿ ತಿಳಿಯದೆ ಆಸೆಪಡುತ್ತಿದ್ದಳು. ಈಗ ತಿಳಿದು ಆಸೆಪಡುವುದು ಎಷ್ಟು ಕಷ್ಟವೆಂದು ಒಳಗಿನಿಂದ ಬರುತ್ತಿದ್ದ ಒಗ್ಗರಣೆಯ ವಾಸನೆ ಹೇಳುತ್ತಿತ್ತು. ಅಣ್ಣ ಮತ್ತೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ, ಅಷ್ಟೇ ತಾನೆ, ಮೊದಲೂ ಹಾಗೇ ಇದ್ದ ಎಂದು ಒಂದು ಗಳಿಗೆ ಅಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೆ ಅವಳ ಕಿವಿ ಬಿಸಿಯಾಯಿತು. ತಸ್ನೀಮಳ ಕಣ್ಣ ಕೆಳಗಿನ ಕಪ್ಪು ನೆನಪಾಯಿತು. ಒಂಬತ್ತು ವರ್ಷ ದುಡಿದು ಕಟ್ಟಿದ, ಎಲ್ಲೂ ಕೆಡದ ಬಾಗಿಲನ್ನು ಅವಳು ಬಿಚ್ಚಿ ಹಾಕಲಿದ್ದಳು. ಇವಳ ಹಾಗೆಯೇ ಎಲ್ಲೋ ಗೋಡೆಗೆ ಮುಖ ಮಾಡಿ ಉಂಡು, ಈಗಷ್ಟೇ ರೊಟ್ಟಿಯ ರುಚಿ ಕಂಡ ಹನ್ನೊಂದು ಜನರಿಗೂ ಅದು ನಿಲ್ಲಲಿತ್ತು.

ರಾತ್ರಿ ನೀಲಗಂಗಾ ತಂದೆಗೂ ಎಲ್ಲ ಹೇಳಿದಳು. ಮರುದಿನ ಬೆಳಗಿನ ಬಸ್ಸಿಗೆ ನಾಲ್ವರೂ ಹೊರಟರು. ಖಾನಾವಳಿಯ ಬಾಗಿಲು ಹಾಕಿದ್ದು ಕಂಡು ಓಣಿಯವರು ಯಾರು ತೀರಿಕೊಂಡರೆಂದು ಕೇಳಿದರು. ಬಸ್ಸು ಅಣ್ಣಿಗೇರಿ ದಾಟಿತು. ಈರಪ್ಪ ಕಿಟಕಿಗೆ ಹಣೆ ಹಚ್ಚಿ ಹೊಲ ನೋಡುತ್ತಿದ್ದ. ಬಸ್ಸು ಹತ್ತಿಸಿದರೆ ಚೀರುತ್ತಿದ್ದವನು ಅವನು.

ತಸ್ನೀಮಳ ಕೋಣೆಯಲ್ಲಿ ನೀಲಗಂಗಾ ಬಾಯಿ ತೆರೆಯುವ ಮೊದಲೇ ದಾನವ್ವ ಹೇಳಿದಳು. ನಿಂತೇ ಹೇಳಿದಳು, ಏನನ್ನೂ ಬಿಡದೆ. "ನಿಮ್ಮ ಬಾಗಿಲಾ ಕೆಟ್ಟಿಲ್ರಿ. ಕೆಟ್ಟದ್ದು ನನ್ನ ಬುದ್ಧಿ," ಎಂದು ಮುಗಿಸಿದಳು.

ತಸ್ನೀಮ್ ಮೇಜಿನ ಮೇಲಿನ ಕಾಗದಗಳನ್ನು ಬದಿಗೆ ಸರಿಸಿದಳು. "ಮೂರು ವಾರ," ಎಂದಳು. "ಮೂರು ವಾರ ನಾ ಮಕ್ಕಳ ಮಾರಿ ನೋಡಿಲ್ರಿ. ಸಿಟ್ಟು ಬಂದದ. ಬರಲಿಲ್ಲ ಅಂದ್ರ ಸುಳ್ಳು." ಆಮೇಲೆ ಕುರ್ಚಿ ಹಿಂದೆ ತಳ್ಳಿ ಎದ್ದು ಈರಪ್ಪನ ಹತ್ತಿರ ಬಂದಳು. ಅವನು ಅವಳ ಹಸಿರು ದುಪಟ್ಟಾದ ತುದಿ ಹಿಡಿದುಕೊಂಡ. "ಇವನ ರಕ್ತ ತಗೋಬೇಕು. ಈಗ."

ಪರೀಕ್ಷೆಗೆ ಸೇರುವ ಮುನ್ನ ಮನೆಯವರೆಲ್ಲರ ರಕ್ತ ತೆಗೆದಿದ್ದಾಗ ಈರಪ್ಪನದು ಸಾವಿರದ ಏಳುನೂರ ಐವತ್ತಿತ್ತು. ಮಧ್ಯಾಹ್ನ ಬಂದ ಅಂಕಿ ಒಂಬೈನೂರ ಎಂಬತ್ತು. ಅರ್ಧ ಪೊಟ್ಟಣ ಕುಡಿದು, ಖಾನಾವಳಿಯ ಊಟವನ್ನೇ ಉಂಡು, ಇಷ್ಟು ಇಳಿದಿತ್ತು.

"ತಡ ಆಗೇತಿ, ಉಪೇಗಿಲ್ಲ ಅಂದಿದ್ರು," ಎಂದ ಕಲ್ಲಪ್ಪ.

"ಆಗಿನವರಿಗೆ ಹಂಗ ತಿಳಿದಿತ್ತು. ಸಣ್ಣಾವಿದ್ದಾಗ ಕೆಟ್ಟಿದ್ದು ತಿರುಗಿ ಬರಂಗಿಲ್ರಿ, ನಾ ಸುಳ್ಳು ಆಸೆ ಹಚ್ಚಂಗಿಲ್ಲ. ಆದ್ರ ಅವನ ತಲಿಯಾಗ ದಿನಾ ಒಂದು ಗದ್ದಲ ನಡದಿರತದ. ಅದು ಕಡಿಮಿ ಆಗತದ. ಆಗೇದ, ನೀವ ನೋಡೀರಿ."

ದಾನವ್ವ ಅಲ್ಲೇ ನೆಲಕ್ಕೆ ಕೂತಳು. "ಹಂಗಾದ್ರ ಇಪ್ಪತ್ತೇಳು ವರ್ಷ ನಾನ ಅವಂಗ..." ಎಂದಳು. ಮಗಳಿಗೆ ಬಿಳಿ ರೊಟ್ಟಿ ಬೇಯಿಸಿದ ದಿನಗಳಲ್ಲೆಲ್ಲ ಮಗನಿಗೆ ಪ್ರೀತಿಯಿಂದ ಕಾಳು, ಮೊಸರು ಬಡಿಸಿದ್ದಳು. ನೀಲಗಂಗಾ ತಾಯಿಯ ಪಕ್ಕದಲ್ಲಿ ಕೂತು ಅವಳ ಬೆನ್ನ ಮೇಲೆ ಕೈಯಿಟ್ಟಳು.

ನಿಯಮ ನಿಯಮವೇ. ಪೊಟ್ಟಣ ಬೇರೆಯವರ ಹೊಟ್ಟೆಗೆ ಹೋದದ್ದು ತಸ್ನೀಮಳ ವರದಿಗೆ ಸೇರಿತು. ನೀಲಗಂಗಾಳ ಹೆಸರು ಪಟ್ಟಿಯಿಂದ ಹೊರಗೆ ಹೋಯಿತು. ಉಳಿದ ಪೊಟ್ಟಣಗಳ ಪೆಟ್ಟಿಗೆಯನ್ನು ಅವಳೇ ಮೇಜಿನ ಮೇಲಿಟ್ಟಳು. ಬಾಗಿಲಿನ ವಿನ್ಯಾಸ ಬದಲಾಗಲಿಲ್ಲ, ಹನ್ನೊಂದು ಜನರ ಪರೀಕ್ಷೆ ಮುಂದುವರಿಯಿತು. ಅದು ಮುಗಿದು, ಸರ್ಕಾರದ ಒಪ್ಪಿಗೆ ಸಿಕ್ಕು, ಔಷಧಿ ಅಂಗಡಿಗೆ ಬರಲು ಎರಡು ವರ್ಷವೋ ಮೂರೋ. "ಬಂದ ದಿನ ಮೊದಲನೇ ಡಬ್ಬಿ ನಾನ ತಗೊಂಡು ಗದಗಿಗೆ ಬರತೀನಿ," ಎಂದು ತಸ್ನೀಮ್ ಬಾಗಿಲ ತನಕ ಬಂದು ಹೇಳಿದಳು. "ನನಗ ಎಣ್ಣಿಗಾಯಿ ಮಾಡಿ ಹಾಕಬೇಕು."

ಅಲ್ಲಿಯ ತನಕ ಪಥ್ಯವೊಂದೇ ದಾರಿ, ಇನ್ನು ಈರಪ್ಪನಿಗೂ.

ಮೂವತ್ತಮೂರು ವರ್ಷ 'ಬಿಸಿ ರೊಟ್ಟಿ' ಎಂದೊಡನೆ ಓಡಿಬಂದವನಿಗೆ ಗಂಜಿಹಿಟ್ಟಿನ ರೊಟ್ಟಿ ಹಿಡಿಸುವುದು ಸುಲಭವಾಗಿರಲಿಲ್ಲ. ಒಂದು ವಾರ ಊಟದ ಕೋಣೆಯಲ್ಲಿ ಗಿರಾಕಿಗಳ ತಟ್ಟೆಗೆ ಕೈ ಹಾಕಿದ. ಹಿತ್ತಲ ಒಲೆಯ ಮುಂದೆ ಕೂರಿಸಿದರೆ ತಟ್ಟೆಯನ್ನು ಗೋಡೆಗೆ ಎಸೆದ. ಇಲಿಯ ಆ ವಾಸನೆ ಮರಳಿತು, ಗೋಡೆಗೆ ಹಾಸಿಗೆಯನ್ನು ಮತ್ತೆ ಬಿಗಿದು ಕಟ್ಟಬೇಕಾಯಿತು. 'ನೀಲಿ' ಎಂಬ ಮಾತು ನಿಂತುಹೋಯಿತು. ದಾನವ್ವ ಎರಡು ಸಲ ಸೋತು ಅವನ ಕೈಗೆ ಜೋಳದ ರೊಟ್ಟಿ ಕೊಡಲು ಹೋದಳು. ನೀಲಗಂಗಾ ಎರಡು ಸಲವೂ ಕಸಿದುಕೊಂಡಳು. ಕಸಿದುಕೊಂಡ ರೊಟ್ಟಿ ಕೈಯಲ್ಲಿ ಬೆಚ್ಚಗಿರುತ್ತಿತ್ತು. ಅದನ್ನು ಬುಟ್ಟಿಗೆ ಹಾಕಿಬರುವಷ್ಟರಲ್ಲಿ ಅವಳಿಗೇ ಸಾಕಾಗುತ್ತಿತ್ತು. ಅವಳ ತಲೆ ತಿಳಿಯಾಗಿತ್ತು. ಕಂಡಕ್ಟರನ ಹೆಸರು, ಅವನಿಗೆ ಎಷ್ಟು ಚಟ್ನಿ ಬೇಕು, ಎಲ್ಲ ನೆನಪಿತ್ತು. ಎಣ್ಣೆಗಾಯಿಯ ರುಚಿಯೂ ನೆನಪಿತ್ತು.

ಶ್ರಾವಣದ ಎರಡನೆಯ ಸೋಮವಾರ ಖಾನಾವಳಿ ತುಂಬಿತ್ತು. ಈರಪ್ಪ ಮೂಲೆಯಲ್ಲಿ ನಿಂತು ತಟ್ಟೆಗಳನ್ನು ನೋಡುತ್ತ ಕೈ ಹಿಸುಕಿಕೊಳ್ಳುತ್ತಿದ್ದ. ನೀಲಗಂಗಾ ಹಿತ್ತಲಿಗೆ ಹೋದಳು. ಬಿಳಿ ರೊಟ್ಟಿ ನಾಲ್ಕು, ಅಳತೆಯ ಹೀರೇಕಾಯಿ ಪಲ್ಯ, ಎರಡು ಲೋಟ ಔಷಧಿ ನೀರು. ಎಲ್ಲವನ್ನೂ ದೊಡ್ಡ ತಟ್ಟೆಯಲ್ಲಿಟ್ಟುಕೊಂಡು ಊಟದ ಕೋಣೆಗೆ ಬಂದು, ನಡುವಿನ ಖಾಲಿ ಟೇಬಲ್ಲಿನಲ್ಲಿ ಜನರ ಕಡೆ ಮುಖ ಮಾಡಿ ಕೂತಳು. ಕಾಗದದಂಥ ರೊಟ್ಟಿ ಮುರಿದು ತಿನ್ನತೊಡಗಿದಳು.

ಪಕ್ಕದ ಟೇಬಲ್ಲಿನ ಹೊಸ ಗಿರಾಕಿ, "ಅದೇನವಾ ತಂಗಿ, ನಮಗ ಅದು ಇಲ್ಲೇನು?" ಎಂದ.

"ಇಲ್ರಿ. ಇದು ನಮ್ಮಿಬ್ಬರಿಗೆ ಅಷ್ಟ," ಎಂದಳು ನೀಲಗಂಗಾ.

ಈರಪ್ಪ ಮೂಲೆಯಿಂದ ನೋಡಿದ. ತಂಗಿ ಗಿರಾಕಿಗಳೆಲ್ಲರ ನಡುವೆ ಉಣ್ಣುತ್ತಿದ್ದಳು. ಸ್ವಲ್ಪ ಹೊತ್ತಿಗೆ ಬಂದು ಎದುರಿನ ಬೆಂಚಿನಲ್ಲಿ ಕೂತ. ಅವಳು ಕರೆಯಲಿಲ್ಲ, ಕೊಡಲೂ ಇಲ್ಲ. ಅವನೇ ಕೈ ಚಾಚಿ ಅವಳ ತಟ್ಟೆಯಿಂದ ಒಂದು ಚೂರು ತೆಗೆದು ಬಾಯಿಗಿಟ್ಟುಕೊಂಡ. ಮುಖ ಹುಳ್ಳಗೆ ಮಾಡಿದ. ಉಗುಳುತ್ತಾನೆಂದು ಕಲ್ಲಪ್ಪ ಬಡಿಸುವ ಸೌಟು ಹಿಡಿದೇ ನಿಂತ. ಈರಪ್ಪ ಅಗಿದ, ಬಹಳ ಹೊತ್ತು ಅಗಿದ, ನುಂಗಿದ. ಆಮೇಲೆ ಇನ್ನೊಂದು ಚೂರು ಮುರಿದುಕೊಂಡ.

ಅಡುಗೆಮನೆಯ ಬಾಗಿಲಲ್ಲಿ ದಾನವ್ವ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಕಲ್ಲಪ್ಪ ಪಕ್ಕದ ಟೇಬಲ್ಲಿಗೆ ಎಣ್ಣೆಗಾಯಿ ಬಡಿಸಿದ. ಘಮ ಈ ಕಡೆ ಬಂತು. ನೀಲಗಂಗಾಳ ಬಾಯಲ್ಲಿ ನೀರೂರಿತು. ಅವಳು ಆ ತಟ್ಟೆಯ ಕಡೆಗೆ ನೋಡಿದಳು, ಮುಖ ತಿರುಗಿಸಿಕೊಳ್ಳಲಿಲ್ಲ. ನೋಡುತ್ತಲೇ ತನ್ನ ತಟ್ಟೆಯನ್ನು ಅಣ್ಣನ ಕೈಗೆ ಎಟುಕುವಷ್ಟು ಮುಂದೆ ಸರಿಸಿ, ಉಂಡಳು.